ಒಳಚಿಲಕ

ಗೂಡು ಇವತ್ತು ಮುಗಿದೇ ಮುಗಿಯುತ್ತೆ ಎಂದು ಅಪ್ಪ ಹಲ್ಲುಜ್ಜುತ್ತಲೇ, ಬಾಯಿ ತುಂಬ ನೊರೆ ಇಟ್ಟುಕೊಂಡು ಘೋಷಿಸಿಬಿಟ್ಟ. ಕೇಳಿ ಅವಳಿಗೆ ಸಂತೋಷವಾಗಬೇಕಿತ್ತು. ಬಚ್ಚಲಿನ ಮೂಲೆಯಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ, ಇಳಿಬಿಟ್ಟ ಬಲ್ಬಿನ ಕಾವಿನಲ್ಲಿ ಬೆಳೆದ ಕೋಳಿಮರಿಗಳು ಈಗ ಅತ್ತ ಮರಿಗಳೂ ಅಲ್ಲದ ಇತ್ತ ಕೋಳಿಗಳೂ ಅಲ್ಲದ ಅವಸ್ಥೆಗೆ ಬಂದಿದ್ದವು. ಹಳದಿ ತುಪ್ಪುಳು ಉದುರಿ, ರೆಕ್ಕೆಯಲ್ಲಿ ಮಾತ್ರ ಗರಿ ಮೂಡಿ, ಕತ್ತು ಬೋಳಾಗಿ, ಒಂದೊಂದೂ ಯಾರದೋ ಹಳೇ ಕೋಟು ಹಾಕಿಕೊಂಡಂತೆ ಕಾಣುತ್ತಿತ್ತು. ಪೆಟ್ಟಿಗೆಯ ಅಂಚಿಗೆ ಹಾರಿ ಕೂರುವುದನ್ನು ಕಲಿತ ಮೇಲಂತೂ ಸ್ನಾನ ಮಾಡುವವರನ್ನು ತಲೆ ಓರೆ ಮಾಡಿ ನೋಡುವುದೇ ಅವುಗಳ ಕಸುಬಾಗಿತ್ತು. ಅವುಗಳ ವಾಸನೆ ಸೋಪಿನ ವಾಸನೆಯನ್ನು ನುಂಗಿ ಹಾಕಿತ್ತು. ಮೊನ್ನೆ ಅವಳು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಪಕ್ಕದ ಮೇಜಿನ ಹುಡುಗಿ "ಅಕ್ಕಾ, ತಲೇಲಿ ಪುಕ್ಕ" ಎಂದು ಗಿರಾಕಿಯ ಎದುರಿಗೇ ಕಿತ್ತು ಅವಳ ಕೈಗಿಟ್ಟಿದ್ದಳು. ಗಿರಾಕಿ ನಕ್ಕ, ಅವಳೂ ನಕ್ಕಳು, ಆಮೇಲೆ ದಿನವಿಡೀ ಆಗಾಗ ತಲೆ ಮುಟ್ಟಿ ನೋಡಿಕೊಂಡಳು. ಇಷ್ಟೆಲ್ಲ ಆದ ಮೇಲೆ ಮರಿಗಳು ಹಿತ್ತಲಿಗೆ ಹೋಗುತ್ತವೆ ಎಂದರೆ ಪೀಡೆ ತೊಲಗಿತು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಇಷ್ಟು ವಾರ ಅಪ್ಪನನ್ನು ಕೋಣೆಯಲ್ಲಿ ಕೂಡಿಹಾಕಿ ಕೆಲಸಕ್ಕೆ ಹೋಗುವಾಗ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದುದು ಒಂದೇ ಮಾತು: ರಜೆ ಬರಲಿ, ಗೂಡಿನ ಕೆಲಸ ಇದೆಯಲ್ಲ, ಹಿತ್ತಲ ಬಿಸಿಲಲ್ಲಿ ಮನಸಾರೆ ಕೂರುತ್ತಾನೆ. ಗೂಡು ಮುಗಿದ ಮೇಲೆ ಏನಂತ ಹೇಳಿಕೊಳ್ಳುವುದು?

ಕೂಡಿಹಾಕುವುದು ಎಂಬ ಮಾತನ್ನು ಅವಳು ಬಾಯಿಬಿಟ್ಟು ಆಡಿದವಳಲ್ಲ. ಪಕ್ಕದ ಮನೆಯ ದರ್ಜಿಯಮ್ಮನಿಗೆ ದಿನಾ ಬೆಳಿಗ್ಗೆ ಹೇಳುತ್ತಿದ್ದುದು, "ಬಾಗಿಲು ಮುಂದಕ್ಕೆ ಎಳ್ಕೊಂಡು ಹೋಗ್ತಿದ್ದೀನಿ, ಮಧ್ಯಾಹ್ನ ಒಂಚೂರು ನೋಡ್ಕೊಳ್ಳಿ" ಎಂದು. ದರ್ಜಿಯಮ್ಮನೂ ಜಾಣೆ, ಆ ಮಾತನ್ನು ಹಾಗೇ ತೆಗೆದುಕೊಂಡಿದ್ದಳು. ಊಟದ ಹೊತ್ತಿಗೆ ಬಂದು, ಚಿಲಕ ಸರಿಸಿ, ಊಟ ಬಡಿಸಿ, ನಾಲ್ಕು ಮಾತಾಡಿ, ಮತ್ತೆ ಚಿಲಕ ಹಾಕಿ ತನ್ನ ಹೊಲಿಗೆ ಯಂತ್ರಕ್ಕೆ ವಾಪಸು ಹೋಗುತ್ತಿದ್ದಳು. ಮರಿಗಳನ್ನು ತನ್ನ ತಂಗಿಯ ಮನೆಯಿಂದ ತಂದುಕೊಟ್ಟವಳೂ ಅವಳೇ. "ಕೈಗೊಂದು ಕೆಲಸ ಕೊಡಿ ಅಕ್ಕಾ, ಕಾಲು ತಾನಾಗೇ ಸುಮ್ಮನಿರುತ್ತೆ" ಅಂದಿದ್ದಳು. ಆ ಮಾತಿನಲ್ಲಿ ನಿಜವಿತ್ತು. ಗೂಡಿನ ಕೆಲಸವಿದ್ದ ದಿನ ಅಪ್ಪ ಗೇಟಿನ ಕಡೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಒಂದೇ ತೊಂದರೆಯೆಂದರೆ ಕಟ್ಟಿದ್ದನ್ನೇ ಬಿಚ್ಚುತ್ತಿದ್ದ. ಒಂದು ವಾರ ನಿಲ್ಲಿಸಿದ ಗೂಡಿನ ಕಾಲುಗಳನ್ನು ಮುಂದಿನ ವಾರ ಯಾವನೋ ತಲೆಹರಟೆ ಮಾಡಿದ ಕೆಲಸವೆಂದು ಬೈಯುತ್ತ ಕಿತ್ತು ಹಾಕುತ್ತಿದ್ದ. "ಯಾರಮ್ಮ ಇದನ್ನ ಹೊಡೆದೋನು? ಕೈಯಲ್ಲಿ ಹೊಡೆದನೋ ಕಾಲಲ್ಲಿ ಹೊಡೆದನೋ?" ಎಂದು ಕೇಳಿದರೆ ಅವಳು "ಯಾರೋ ಗೊತ್ತಿಲ್ಲ ಅಪ್ಪ" ಅನ್ನುತ್ತಿದ್ದಳು. ಬಿಚ್ಚಿದಷ್ಟೂ ಒಳ್ಳೆಯದು ಎಂದು ಒಳಗೊಳಗೇ ಅನ್ನಿಸುತ್ತಿದ್ದುದು ಅವಳಿಗೇ ಗೊತ್ತು.

ಇವತ್ತು ಮಾತ್ರ ಏನನ್ನೂ ಬಿಚ್ಚಲಿಲ್ಲ. ಬಿಸಿಲೇರುವ ಮೊದಲೇ ಮಣೆ ಹಾಕಿಕೊಂಡು ಕೂತು, ಸುತ್ತ ಸಾಮಾನು ಹರಡಿಕೊಂಡು, ಹೆಸರು ಮರೆತುಹೋದದ್ದನ್ನೆಲ್ಲ "ಅದು" ಎನ್ನುತ್ತ ಕೈ ಚಾಚುತ್ತಿದ್ದ. "ಅದು ಕೊಡು." ಉಳಿ ಕೊಟ್ಟರೆ, "ಅದಲ್ಲ, ಅದು." ಗರಗಸ ಕೊಟ್ಟರೆ ಅವಳ ಮುಖವನ್ನೇ ಕನಿಕರದಿಂದ ನೋಡುತ್ತಿದ್ದ, ಮರೆತದ್ದು ಅವಳೇ ಎನ್ನುವ ಹಾಗೆ. ತಂತಿ ಬಲೆಯನ್ನು ಚೌಕಟ್ಟಿಗೆ ಎಳೆದು ಬಿಗಿಯುವಾಗ ಅವಳ ಬೆರಳಿಗೆ ಗೀರಿ ರಕ್ತ ಬಂತು. ಅಪ್ಪ ಅದನ್ನು ನೋಡಲೇ ಇಲ್ಲ, ಬಲೆಯ ಕಣ್ಣುಗಳು ಸಾಲಾಗಿ ನಿಂತಿವೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಕೋಳಿಗಳು ರಾತ್ರಿ ಕೂರುವುದಕ್ಕೆ ಹಳೇ ಪೊರಕೆಯ ಕೋಲನ್ನು ಅಡ್ಡಪಟ್ಟಿಯಾಗಿ ಹಾಕಿದ. ಅದರ ಚೂಪನ್ನೆಲ್ಲ ಉಜ್ಜಿ ಉಜ್ಜಿ ತೆಗೆದು, ತನ್ನ ಅಂಗೈಯನ್ನು ಅದರ ಮೇಲೆ ಎಳೆದು ನೋಡಿ, ಆಮೇಲೆ ಅವಳ ಅಂಗೈಯನ್ನೂ ಹಿಡಿದು ಎಳೆದ. "ನುಣ್ಣಗಿದೆಯಾ?" "ಇದೆ ಅಪ್ಪ." "ಅವು ಬರಿಗಾಲಲ್ಲಿ ಕೂರ್ತಾವೆ." ಕಾಂಪೌಂಡಿನ ಮೇಲೆ ಬೂದು ಬಣ್ಣದ ಬೆಕ್ಕೊಂದು ಬೆಳಿಗ್ಗೆಯಿಂದ ಕೂತು ಕೆಲಸದ ಉಸ್ತುವಾರಿ ನೋಡುತ್ತಿತ್ತು. ಬಟ್ಟೆ ಒಣಹಾಕಲು ಬಂದ ದರ್ಜಿಯಮ್ಮ ಅದನ್ನು ತೋರಿಸಿ, "ನೋಡಿ ಯಜಮಾನ್ರೇ, ಮೇಸ್ತ್ರಿ ಬಂದಿದ್ದಾರೆ" ಅಂದಳು. ಅಪ್ಪ ತಿರುಗಿ ಬೆಕ್ಕನ್ನು ಒಂದು ಗಳಿಗೆ ನೋಡಿ, "ಸಂಬಳ ಕೊಡಲ್ಲ ಅಂತ ಹೇಳಿಬಿಡಿ" ಎಂದ. ದರ್ಜಿಯಮ್ಮ ಬಿದ್ದು ಬಿದ್ದು ನಕ್ಕಳು. ಇಂಥ ಗಳಿಗೆಗಳೇ ಮಗಳಿಗೆ ಕಷ್ಟ. ಇಷ್ಟು ಸರಿಯಾಗಿರುವವನ ಬಾಗಿಲಿಗೆ ತಾನು ದಿನಾ ಹೊರಗಿಂದ ಚಿಲಕ ಹಾಕುತ್ತೇನಲ್ಲ ಎಂದು ಎದೆ ಹಿಂಡುತ್ತಿತ್ತು. ಅದರ ಬದಲು ಏನಾದರೂ ಅಸಂಬದ್ಧ ಮಾತಾಡಿದ್ದರೆ ಸಮಾಧಾನವಾಗುತ್ತಿತ್ತೇನೋ ಅನ್ನಿಸಿ, ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಊರಲ್ಲಿ ಬಡಗಿಗಳು ಬೇಕಾದಷ್ಟು ಜನ ಇದ್ದರು. ಮಂಚ ಮಾಡುವವರು, ಮೇಜು ಮಾಡುವವರು, ಸೂರು ಕಟ್ಟುವವರು. ಅಪ್ಪ ಬಾಗಿಲಿನವನು. ಬಾಗಿಲು ಬಿಟ್ಟು ಬೇರೆ ಕೆಲಸ ಬಂದರೆ ಮುಖ ಗಂಟು ಹಾಕಿಕೊಂಡು ಮಾಡುತ್ತಿದ್ದ. ನೆನಪು ಸೋರಲು ಶುರುವಾದಾಗ ಮೊದಲು ಹೋದದ್ದು ತಿಂಡಿ ತಿಂದದ್ದು, ಔಷಧಿ ತೆಗೆದುಕೊಂಡದ್ದು, ತಮ್ಮಂದಿರ ಹೆಸರು. ಬಾಗಿಲುಗಳು ಮಾತ್ರ ಒಂದೂ ಹೋಗಲಿಲ್ಲ. ಯಾವ ಬೀದಿಯ ಯಾವ ಮನೆಗೆ ಯಾವ ಮರದ್ದು ಹಾಕಿದ್ದೆ, ಯಾವುದು ಮಳೆಗೆ ಉಬ್ಬುವ ಜಾತಿಯದು, ಯಾವುದರ ಕೀಲಿಗೆ ಎಣ್ಣೆ ಬೇಕಾಗಿರಬಹುದು, ಎಲ್ಲ ತಲೆಯಲ್ಲಿ ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. ಅವುಗಳನ್ನು ನೋಡಿಕೊಂಡು ಬರುವುದಕ್ಕೆಂದೇ ಹೊರಟುಬಿಡುತ್ತಿದ್ದ. ಕೈಚೀಲದಲ್ಲಿ ಮರ ಹೆರೆಯುವ ಉಜ್ಜುಗೊರಡು ಇಟ್ಟುಕೊಂಡು, ಯಾರದೋ ಮನೆಯ ಮೆಟ್ಟಿಲು ಹತ್ತಿ, ಕರೆಗಂಟೆ ಒತ್ತುವ ಗೋಜಿಗೂ ಹೋಗದೆ ಬಾಗಿಲನ್ನು ತೆಗೆದು, ಹಾಕಿ, ತೆಗೆದು, ಅದರ ಅಂಚಿನ ಮೇಲೆ ಅಂಗೈ ಎಳೆಯುತ್ತ ನಿಲ್ಲುತ್ತಿದ್ದ. ಹಳೆಯ ಮನೆಯವರು ಗುರುತು ಹಿಡಿದು ನೀರು ಕೊಟ್ಟು ಕಳಿಸುತ್ತಿದ್ದರು. ಹಳದಿ ಗೇಟಿನ ಮನೆಗೆ ಬಂದವರು ಹೊಸಬರು. ಅವಳಿಗೆ ಅಂಗಡಿಗೆ ಫೋನು ಬಂದು, ಕನ್ನಡಕದ ಕಿವಿಕಡ್ಡಿಗೆ ಹಾಕುತ್ತಿದ್ದ ಸ್ಕ್ರೂ ಕೈಯಿಂದ ಜಾರಿ ನೆಲಕ್ಕೆ ಬಿದ್ದು, ಅದನ್ನು ಹುಡುಕದೆ ಓಡಿದ್ದಳು. ಅಲ್ಲಿ ಆ ಮನೆಯ ಗಂಡಸು ಅಪ್ಪನ ಮಣಿಕಟ್ಟು ಹಿಡಿದು ನಿಂತಿದ್ದ. ಅವನ ಹೆಂಡತಿ ಒಳಗಿಂದ ಇಣುಕುತ್ತಿದ್ದಳು. ಎದುರು ಮನೆಯ ಮಹಡಿಯಿಂದ ಇಬ್ಬರು ಮೂವರು ನೋಡುತ್ತಿದ್ದರು. ಅಪ್ಪ, ಆತ ಹಿಡಿಯದೆ ಬಿಟ್ಟಿದ್ದ ಇನ್ನೊಂದು ಕೈಯಿಂದ ಬಾಗಿಲು ತೋರಿಸುತ್ತ, "ಕೆಳಗಡೆ ಎರಡು ನೂಲು ಮರ ಹೆರೆದ್ರೆ ಸಾಕು, ಕಾಲಿಂಚು, ಎರಡೇ ನೂಲು" ಎಂದು ಆತನಿಗೆ ತಿಳಿಹೇಳುತ್ತಿದ್ದ. "ಇಂಥೋರನ್ನ ಹೀಗೆ ಬೀದಿಗೆ ಬಿಡ್ತಾರೇನ್ರೀ? ಮನೇಲಿಟ್ಕೊಳ್ಳಿ" ಎಂದ ಆತ. ಅವಳು "ತಪ್ಪಾಯ್ತು" ಅಂದಳು, ಇನ್ನೊಂದು ಸಲ "ತಪ್ಪಾಯ್ತು" ಅಂದಳು, ಮಹಡಿಯ ಕಡೆ ನೋಡಿ ಅವರಿಗೂ ಹೇಳುವವಳಂತೆ ಬಾಯಿ ತೆರೆದು ಸುಮ್ಮನಾದಳು. ದಾರಿಯಲ್ಲಿ ಅಪ್ಪ ಹಿಂದಿಂದ ಬರುತ್ತ ಕೇಳಿದ: "ನನ್ನನ್ನ ಯಾಕೆ ಹಿಡ್ಕೊಂಡ ಅವನು?" ಮತ್ತೆ ಕೇಳಿದ. ಅವಳು ತಿರುಗಿ ನಿಂತು, ನಡುಬೀದಿಯಲ್ಲಿ, "ಬಾಯಿ ಮುಚ್ಕೊಂಡು ಬಾ ಸಾಕು" ಎಂದು ಕಿರುಚಿದಳು. ಅಪ್ಪ ನಿಜವಾಗಿಯೂ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಮನೆ ಸೇರುವವರೆಗೂ ತೆಗೆಯಲಿಲ್ಲ.

ಚಿಲಕ ಬಂದದ್ದು ಅದರ ಮಾರನೆಯ ದಿನ. ಅಂಗಡಿಯವನು "ಯಾವುದಕ್ಕಮ್ಮ?" ಎಂದು ಸುಮ್ಮನೆ ಕೇಳಿದ್ದಕ್ಕೆ, "ಸಾಮಾನಿನ ಕೋಣೆಗೆ" ಎಂದು ಬಾಯಿಗೆ ಬಂದಿತ್ತು. ಅಪ್ಪ ಸ್ನಾನಕ್ಕೆ ಹೋದಾಗ, ಬಚ್ಚಲಲ್ಲಿ ನೀರು ಬೀಳುವ ಸದ್ದಿನ ಮರೆಯಲ್ಲಿ, ಅವಳು ಅದನ್ನು ಅವನ ಕೋಣೆಯ ಬಾಗಿಲಿಗೆ ಹೊರಗಡೆ ಹೊಡೆದಳು. ಇಪ್ಪತ್ತು ವರ್ಷದಿಂದ ಸ್ಕ್ರೂ ತಿರುಗಿಸುವುದೇ ಅವಳ ಹೊಟ್ಟೆಪಾಡು, ಆದರೆ ಕನ್ನಡಕದ ಸ್ಕ್ರೂ ಅಂದರೆ ಎಳ್ಳಿನಷ್ಟು. ಮರ ಅವಳ ಮಾತು ಕೇಳಲಿಲ್ಲ. ಒಂದು ಸ್ಕ್ರೂ ಓರೆಯಾಗಿ ಇಳಿಯಿತು, ಒಂದು ಅರ್ಧಕ್ಕೇ ನಿಂತಿತು. ಅರ್ಧಕ್ಕೆ ನಿಂತದ್ದನ್ನು ಟವಲು ಸುತ್ತಿದ ಸುತ್ತಿಗೆಯಿಂದ ಬಡಿದಳು. ಸ್ಕ್ರೂವನ್ನು ಬಡಿಯುವವನು ಬಡಗಿಯಲ್ಲ, ಕಟುಕ ಎಂದು ಅಪ್ಪ ಅವಳ ಬಾಲ್ಯದುದ್ದಕ್ಕೂ ಹೇಳಿದ್ದು ಕಿವಿಯಲ್ಲಿತ್ತು. ಆ ಬಾಗಿಲು ಅವನೇ ಮಾಡಿದ್ದು. ಆ ಕೋಣೆ ಒಂದು ಕಾಲಕ್ಕೆ ಅವಳದು. ಹೈಸ್ಕೂಲಿನಲ್ಲಿದ್ದಾಗ ಕೋಣೆಗೆ ಒಳಗಿಂದ ಚಿಲಕ ಬೇಕೆಂದು ಅವಳು ಹಟ ಹಿಡಿದಿದ್ದಳು. "ಮನೆಯೊಳಗೇ ಮನೆ ಮಾಡ್ತಾಳಂತೆ, ಯಾರಿಂದ ಬಚ್ಚಿಟ್ಕೋಬೇಕು ಇವಳು?" ಎಂದು ಅಮ್ಮ ರಂಪ ಮಾಡಿದ್ದಳು. ಅಪ್ಪ ಒಂದು ಸಂಜೆ ಹಿತ್ತಾಳೆಯ ಚಿಲಕ ತಂದು, ಒಳಗಡೆ ಕೂರಿಸಿ, ಅಮ್ಮನಿಗೆ ಅಂದಿದ್ದು ಇಷ್ಟೇ: "ಚಿಲಕ ಒಳಗಿರೋರಿಗೆ ಕಣೇ." ಆ ಹಿತ್ತಾಳೆ ಚಿಲಕ ಈಗಲೂ ಅದೇ ಬಾಗಿಲ ಒಳಮೈಯಲ್ಲಿ, ನೂಲಿಟ್ಟ ಹಾಗೆ ನೆಟ್ಟಗೆ ಕೂತಿದೆ. ಹೊರಮೈಯಲ್ಲಿ ಅವಳದು, ಸೊಟ್ಟಗೆ.

ಮೊದಲ ದಿನ ಗೇಟು ದಾಟುವಾಗ ಒಳಗಿಂದ ಬಾಗಿಲು ಎಳೆದ ಸದ್ದು ಕೇಳಿಸಿತ್ತು. ಇನ್ನೊಮ್ಮೆ ಎಳೆದ ಸದ್ದು. ಅವಳು ಗೇಟಿನ ಸರಳು ಹಿಡಿದು ನಿಂತಳು, ಮೂರನೆಯದು ಕೇಳಿಸಿದರೆ ವಾಪಸು ಹೋಗಿ ತೆಗೆದುಬಿಡುವುದೆಂದು. ಕೇಳಿಸಲಿಲ್ಲ. ಸಂಜೆ ಮನೆಗೆ ಬಂದರೆ ಅಪ್ಪ ಏನೂ ಆಗದವನಂತೆ, "ಮಳೆಗೆ ಬಾಗಿಲು ಉಬ್ಬಿದೆ, ನೋಡ್ಬೇಕು ಒಂದಿನ" ಎಂದ. ಮಳೆ ಬಂದು ತಿಂಗಳ ಮೇಲಾಗಿತ್ತು. ಅವನಿಗೆ ಗೊತ್ತಾಗಿಲ್ಲ, ದೇವರು ದೊಡ್ಡವನು, ಗೊತ್ತಾಗಿಲ್ಲ ಎಂದು ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಅಲ್ಲಿಂದ ಮುಂದೆ ಅವಳು ಕಳ್ಳಿಯಂತೆ ನಾಜೂಕಾದಳು. ಅಂಗಡಿಯಿಂದ ಕನ್ನಡಕದ ಕೀಲಿಗೆ ಬಿಡುವ ಎಣ್ಣೆಯ ಪುಟ್ಟ ಬಾಟಲಿ ತಂದು ಚಿಲಕಕ್ಕೆ ಬಿಟ್ಟಳು. ಸದ್ದಾಗದಂತೆ ಬೆಳಿಗ್ಗೆ ಎಳೆದಳು, ಸದ್ದಾಗದಂತೆ ಸಂಜೆ ಸರಿಸಿದಳು. ಎರಡನೆಯ ದಿನದಿಂದ ಒಂದು ವಿಚಿತ್ರ ನಡೆಯತೊಡಗಿತು. ಸಂಜೆ ಹೊರಗಿನ ಚಿಲಕ ಸರಿಸಿ ದೂಡಿದರೆ ಬಾಗಿಲು ಒಳಗಿಂದ ಹಾಕಿರುತ್ತಿತ್ತು. ತಟ್ಟಿದರೆ, "ಬಂದೆ, ಬಂದೆ" ಎಂದು ಅಪ್ಪನ ಚಪ್ಪಲಿಯ ಸದ್ದು ಬಂದು, ಹಿತ್ತಾಳೆ ಚಿಲಕ ತೆರೆದುಕೊಂಡು, ನಿದ್ದೆಯಿಂದೆದ್ದವನ ಮುಖ ಕಾಣುತ್ತಿತ್ತು. "ಒಂಚೂರು ಮಲಗಿದ್ದೆ" ಎನ್ನುತ್ತಿದ್ದ. ಒಳಗಿಂದ ತಾನೇ ಹಾಕಿಕೊಂಡವನಿಗೆ ಹೊರಗಿಂದ ಹಾಕಿದೆಯೆಂದು ಹೇಗೆ ತಿಳಿಯಬೇಕು? ಅವಳು ಈ ಲೆಕ್ಕಾಚಾರವನ್ನು ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ಮಾಡಿ, ಪ್ರತಿ ಸಲವೂ ಒಂದೇ ಉತ್ತರ ಬಂತೆಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದಳು. ಆದರೂ ಅಂಗಡಿಯ ಹೊರಗೆ ಬೆಂಕಿ ಎಂಜಿನ್ನಿನ ಗಂಟೆ ಕೇಳಿಸಿದರೆ ಕೈ ನಿಂತುಹೋಗುತ್ತಿತ್ತು. ಯಾರ ಮನೆಯೋ, ಯಾವ ಬೀದಿಯೋ. ಎದುರಿಗೆ ಕೂತ ಮುದುಕ, ಕನ್ನಡಕವಿಲ್ಲದ ಬರಿಗಣ್ಣಲ್ಲಿ ಅವಳನ್ನು ಹುಡುಕುತ್ತ, "ಆಯ್ತೇನಮ್ಮ?" ಎನ್ನುತ್ತಿದ್ದ. ಒಂದು ಸಂಜೆ ದರ್ಜಿಯಮ್ಮ, "ಯಜಮಾನ್ರು ಇವತ್ತು ಬಾಗಿಲ ಹತ್ರಾನೇ ಕುರ್ಚಿ ಹಾಕ್ಕೊಂಡು ಕೂತಿದ್ರು ಅಕ್ಕಾ" ಎಂದಳು. ಅದಕ್ಕೆ ಅವಳು "ಗಾಳಿ ಬರುತ್ತಲ್ಲ ಅಲ್ಲಿ" ಎಂದಳು. ಮುಚ್ಚಿದ ಬಾಗಿಲ ಹತ್ತಿರ ಯಾವ ಗಾಳಿ ಎಂದು ದರ್ಜಿಯಮ್ಮ ಕೇಳಲಿಲ್ಲ.

ಊಟವಾದ ಮೇಲೆ ಅಪ್ಪ ಅವಳನ್ನು ಹಿತ್ತಲಿಂದ ಓಡಿಸಿದ. "ಬಾಗಿಲು ಕೂರಿಸೋವಾಗ ಯಾರೂ ಇರಬಾರದು" ಎಂದ. ಗೂಡಿನ ಬಾಗಿಲಿಗೆ ಅವಳ ಹಳೆಯ ಪುಸ್ತಕದ ಬೀರುವಿನ ಒಂದು ಕದವನ್ನು ತೆಗೆದಿಟ್ಟುಕೊಂಡಿದ್ದ. ಒಳ್ಳೆಯ ಮರ, ಒಂದು ಮೂಲೆಯಲ್ಲಿ ಅವಳು ಚಿಕ್ಕಂದಿನಲ್ಲಿ ಅಂಟಿಸಿದ್ದ ಚಿತ್ರದ ಗೋಂದಿನ ಕಲೆ ಇನ್ನೂ ಇತ್ತು. ಅವಳು ಒಳಗೆ ಬಚ್ಚಲು ತೊಳೆಯುತ್ತ ಕೂತಳು. ಪೆಟ್ಟಿಗೆಯಲ್ಲಿ ಮರಿಗಳು ನೀರಿನ ಸದ್ದಿಗೆ ಹೆದರಿ ಒಂದರ ಮೇಲೊಂದು ಹತ್ತಿ ಮೂಲೆಗೆ ಒತ್ತಿಕೊಂಡಿದ್ದವು. ಹಿತ್ತಲಿಂದ ಉಜ್ಜುಗೊರಡಿನ ಸದ್ದು ಬರುತ್ತಿತ್ತು, ಒಂದೇ ಹದದಲ್ಲಿ, ತಡವರಿಸದೆ. ಈ ಸದ್ದು ಹೀಗೇ ಮುಂದುವರಿಯಲಿ, ಏನಾದರೊಂದು ತಪ್ಪಾಗಲಿ, ಬಾಗಿಲು ಚೌಕಟ್ಟಿಗೆ ಕೂರದೇ ಹೋಗಲಿ, ಇನ್ನೊಂದು ವಾರ ಬೇಕಾಗಲಿ ಎಂದು ಅವಳು ಬೇಡಿಕೊಂಡಳು. ಬೇಡಿಕೊಳ್ಳುತ್ತಿದ್ದ ಹಾಗೇ ಸದ್ದು ನಿಂತಿತು. "ಬಾ" ಎಂದು ಅಪ್ಪ ಕೂಗಿದ. "ಅವನ್ನ ಕರ್ಕೊಂಡು ಬಾ."

ಎದೆಯವರೆಗೆ ಬರುವ ಗೂಡು, ಗಟ್ಟಿ ಕಾಲುಗಳ ಮೇಲೆ ನೆಲದಿಂದ ಮೇಲಕ್ಕೆ ನಿಂತಿತ್ತು. ತಗಡಿನ ಸೂರು ಹಿಂದಕ್ಕೆ ಇಳಿಜಾರು. ಒಳಗೆ ಮರದ ಹೊಟ್ಟನ್ನು ಮೆತ್ತಗೆ ಹಾಸಿದ್ದ. ಮುಂದೆ ಬಲೆ, ಪಕ್ಕದಲ್ಲಿ ಬಾಗಿಲು. ಬೆರಳ ತುದಿಯಿಂದ ತಟ್ಟಿದರೆ ಸಾಕು, ಸದ್ದಿಲ್ಲದೆ ಹೋಗಿ ಚೌಕಟ್ಟಿನೊಳಗೆ ಕೂರುತ್ತಿತ್ತು, ಬಿರುಕೇ ಕಾಣದ ಹಾಗೆ. ಎಷ್ಟು ಚೆನ್ನಾಗಿತ್ತೆಂದರೆ ಅವಳು ಎರಡು ಮೂರು ಸಲ ತಟ್ಟಿ ನೋಡಿದಳು. ಮರಿಗಳನ್ನು ಒಂದೊಂದಾಗಿ ಎತ್ತಿ ಒಳಗೆ ಬಿಟ್ಟರು. ಅಂಗೈಯಲ್ಲಿ ಅವುಗಳ ಎದೆ ಡವಡವ ಅನ್ನುತ್ತಿತ್ತು, ಮೈಯೆಲ್ಲ ಕಾವು, ಕಾಲು ಮಾತ್ರ ತಣ್ಣಗೆ. ಒಳಗೆ ಬಿಟ್ಟ ಕೂಡಲೇ ಅವು ಗುಂಪುಗಟ್ಟಿ ಬಲೆಗೆ ಕೊಕ್ಕಿಟ್ಟು ಹೊರಗೆ ನೋಡತೊಡಗಿದವು, ಇಷ್ಟು ದೊಡ್ಡ ಜಾಗ ಕೊಟ್ಟರೆ ಏನು ಮಾಡಬೇಕೆಂದು ತೋಚದವರಂತೆ. ಬಲ್ಬನ್ನು ಹುಡುಕುತ್ತಿವೆಯೇನೋ. ಅಪ್ಪ ತಲೆಯನ್ನು ಗೂಡಿನೊಳಗೆ ತೂರಿಸಿ, ಒಂದನ್ನು ಎತ್ತಿ ಪೊರಕೆಯ ಕೋಲಿನ ಮೇಲೆ ಕೂರಿಸಿ, ಬೀಳದ ಹಾಗೆ ಎರಡು ಬೆರಳು ಆಸರೆ ಕೊಟ್ಟು, "ಹಿಡ್ಕೋ, ಹಿಡ್ಕೋ" ಎಂದ. ಅದು ಹಿಡಿದುಕೊಂಡಿತು. ಅಪ್ಪ ತಿರುಗಿ ಅವಳನ್ನು ನೋಡಿದ ನೋಟದಲ್ಲಿ ಅವಳ ಶಾಲೆಯ ಯಾವುದೋ ಬಹುಮಾನದ ದಿನದ ಹೆಮ್ಮೆ ಇತ್ತು.

ಹೊತ್ತು ಇಳಿಯುತ್ತಿತ್ತು. ಅವಳು ಗೂಡಿನ ಬಾಗಿಲು ಮುಚ್ಚಿ, ಚಿಲಕಕ್ಕೆಂದು ಕೈ ಇಟ್ಟರೆ ಅಲ್ಲಿ ಏನೂ ಇರಲಿಲ್ಲ. ಮೇಲೆ ನೋಡಿದಳು, ಕೆಳಗೆ ನೋಡಿದಳು. "ಚಿಲಕ ಎಲ್ಲಪ್ಪಾ?" "ಇದೆಯಲ್ಲ" ಎಂದು ಅಪ್ಪ ಬಾಗಿಲು ತೆರೆದು ಒಳಮೈ ತೋರಿಸಿದ. ಅಲ್ಲಿತ್ತು, ಕಿರುಬೆರಳುದ್ದದ ಮರದ ಅಗುಳಿ, ಅವನೇ ಕೆತ್ತಿ ಮಾಡಿದ್ದು, ಒಂದು ಬೆರಳಿಗೆ ಸರಿದಾಡುವಷ್ಟು ನುಣುಪಾದದ್ದು. ಒಳಗೆ, ಕೋಳಿಗಳ ಕಡೆಗೆ. ಅವಳಿಗೆ ನಗು ಬಂತು, ಇವತ್ತಿಡೀ ಬಾರದ್ದು ಒಟ್ಟಿಗೇ ಬಂತು. "ಅಪ್ಪಾ, ಕೋಳಿ ಎದ್ದು ಬಂದು ಚಿಲಕ ಹಾಕ್ಕೊಳ್ಳುತ್ತಾ?" ಅಪ್ಪ ನಗಲಿಲ್ಲ. "ಒಳಗಿರೋರು ತಾನೇ ಹಾಕ್ಕೋಬೇಕು?" ಎಂದ. ಎಂದವನು ಅಗುಳಿಯನ್ನೂ ಮರಿಗಳನ್ನೂ ಮತ್ತೊಮ್ಮೆ ನೋಡಿದ. ಏನೋ ತಪ್ಪಾಗಿದೆಯೆಂದು, ಏನೆಂದು ಸಿಗುತ್ತಿಲ್ಲವೆಂದು ಅವನ ಹಣೆ ಗಂಟಾಯಿತು, ಆಮೇಲೆ ಸಿಕ್ಕಿತು. ಸಿಕ್ಕಿದ್ದು ಅವನ ಮುಖದ ಮೇಲೆ ಕಂಡ ಕೂಡಲೇ ಅವಳ ನಗು ಎಲ್ಲಿತ್ತೋ ಅಲ್ಲೇ ಒಣಗಿತು. "ಹೌದಲ್ಲ" ಎಂದ ಅಪ್ಪ, ಸಣ್ಣ ದನಿಯಲ್ಲಿ. "ಅವಕ್ಕೆ ಕೈ ಇಲ್ಲ."

"ಇರಲಿ ಬಿಡಪ್ಪ, ಅದಕ್ಕೇನಂತೆ, ಇವತ್ತು ಹಗ್ಗ ಕಟ್ಟಿದರಾಯ್ತು" ಎಂದು ಅವಳು ಬಟ್ಟೆ ಒಣಹಾಕುವ ಹಗ್ಗದ ತುಂಡು ತಂದಳು. ರಜೆಯ ದಿನ, ಅಂಗಡಿಗಳು ಮುಚ್ಚಿವೆ, ನಾಳೆ ಬರುತ್ತ ಒಂದು ತಂದರೆ ಮುಗಿಯಿತು. ಹಗ್ಗ ಸುತ್ತಲು ಬಾಗಿಲಲ್ಲಿ ಹಿಡಿ ಇರಲಿಲ್ಲ, ಬಲೆಗೆ ಸಿಕ್ಕಿಸಿ ಕಟ್ಟಿದರೆ ಕೆಳಗಡೆ ಬಾಗಿಲು ಕೈಯಗಲ ಬಾಯಿ ಬಿಡುತ್ತಿತ್ತು. ಕಾಂಪೌಂಡಿನ ಮೇಲಿದ್ದ ಬೆಕ್ಕು ಎದ್ದು ಮೈಮುರಿದು, ಇಳಿದು, ಬಚ್ಚಲ ನೀರು ಹೋಗುವ ಕಾಲುವೆಯ ಪಕ್ಕ ಬಂದು ಕೂತಿತು. ಅವಳು ಅದರ ಕಡೆ ಒಂದು ಕಲ್ಲೆಸೆದಳು. ಅದು ಎರಡು ಹೆಜ್ಜೆ ಸರಿದು ಮತ್ತೆ ಕೂತಿತು. ಹಗ್ಗವನ್ನು ಇನ್ನೊಂದು ಸುತ್ತು ಬಿಗಿಯುತ್ತ, "ಆ ಸ್ಟೂಲು ಇತ್ತ ಕೊಡಪ್ಪಾ, ಅಡ್ಡ ಇಡೋಣ" ಎಂದಳು. ತಿರುಗಿ ನೋಡಿದರೆ ಅಪ್ಪ ಇರಲಿಲ್ಲ. ಸ್ಕ್ರೂಡ್ರೈವರೂ ಇರಲಿಲ್ಲ. ಮೊದಲು ಅವಳ ಕಣ್ಣು ಹೋದದ್ದು ಗೇಟಿನ ಕಡೆಗೆ. ಗೇಟು ಹಾಕಿತ್ತು. ಹಳದಿ ಗೇಟಿನ ಮನೆ, ಹಿಡಿದ ಮಣಿಕಟ್ಟು, ಬಾಯಿಯ ಮೇಲಿಟ್ಟ ಕೈ, ಎಲ್ಲ ಒಂದೇ ಉಸಿರಿಗೆ ನುಗ್ಗಿ ಬಂದು ಅವಳು ಹಗ್ಗ ಬಿಟ್ಟು ಒಳಗೆ ಓಡಿದಳು.

ಅಪ್ಪ ತನ್ನ ಕೋಣೆಯ ಬಾಗಿಲ ಮುಂದೆ, ಹೊರಗಡೆ, ಮೊಣಕಾಲೂರಿ ಕೂತಿದ್ದ. ಅವಳ ಚಿಲಕವನ್ನು ಬಿಚ್ಚುತ್ತಿದ್ದ. ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ತುಟಿಗಳ ನಡುವೆ ಇಟ್ಟುಕೊಂಡಿದ್ದ, ಕೆಲಸ ಮಾಡುವಾಗ ಇಟ್ಟುಕೊಳ್ಳುತ್ತಿದ್ದ ಹಾಗೇ. ಅವಳು ಹಜಾರದ ನಡುವೆ ನಿಂತುಬಿಟ್ಟಳು. ಏನಾದರೂ ಹೇಳಬೇಕು, ಅದು ಕಳ್ಳರ ಭಯಕ್ಕೆ ಹಾಕಿಸಿದ್ದು ಅನ್ನಬೇಕು, ಮೊದಲಿಂದಲೂ ಇತ್ತಲ್ಲ ಅನ್ನಬೇಕು, ಮರೆತಿದ್ದೀಯ ಅಂದರೆ ನಂಬುತ್ತಾನೆ. ಅಷ್ಟರಲ್ಲಿ ಅಪ್ಪನ ಕೈ ಅವಳು ಸುತ್ತಿಗೆಯಲ್ಲಿ ಬಡಿದಿದ್ದ ಸ್ಕ್ರೂವಿನ ಹತ್ತಿರ ಬಂದು ನಿಂತಿತು. ಅದರ ತಲೆ ಚಪ್ಪಟೆಯಾಗಿತ್ತು, ಸ್ಕ್ರೂಡ್ರೈವರು ಜಾರುತ್ತಿತ್ತು. ಬಾಯಲ್ಲಿದ್ದವನ್ನು ಅಂಗೈಗೆ ಉಗಿದು, "ಇದನ್ನ ಬಡಿದಿದ್ದೀಯ" ಎಂದ. ಗದರಿಕೆ ಇರಲಿಲ್ಲ. "ಸೊಟ್ಟ ಬೇರೆ ಕೂರ್ಸಿದ್ದೀಯ. ಅದಕ್ಕೇ ಬೆಳಿಗ್ಗೆ ಹಾಕೋವಾಗ ನಿಂಗೆ ಕಷ್ಟ. ಒಂದು ಸಲಕ್ಕೆ ಹೋಗಲ್ಲ. ಎರಡು ಸಲ ಎಳೀತೀಯ, ದಿನಾ."

ದಿನಾ. ಅವಳು ಗೋಡೆಗೆ ಒರಗಿದಳು. ಎಣ್ಣೆ ಬಿಟ್ಟಿದ್ದ, ಉಸಿರು ಬಿಗಿಹಿಡಿದಿದ್ದ, ಸಂಜೆಯ ಹೊತ್ತು ಚಪ್ಪಲಿ ಕೈಯಲ್ಲಿ ಹಿಡಿದು ಬಂದಿದ್ದ ಅಷ್ಟೂ ದಿನಗಳೂ ಅವನು ಈ ಬಾಗಿಲಿನ ಆಚೆಗೆ ಕುರ್ಚಿ ಹಾಕಿಕೊಂಡು ಅದನ್ನೇ ಕೇಳುತ್ತ ಕೂತಿದ್ದ. ಕೇಳಿದ ಮೇಲೆ ಎದ್ದು, ಹಿತ್ತಾಳೆಯದನ್ನು ಒಳಗಿಂದ ಹಾಕಿಕೊಳ್ಳುತ್ತಿದ್ದ. ಒಂಚೂರು ಮಲಗಿದ್ದೆ ಎನ್ನುತ್ತಿದ್ದ. ಮಳೆಗೆ ಉಬ್ಬಿದೆ ಎನ್ನುತ್ತಿದ್ದ. "ಅಪ್ಪಾ" ಎಂದಳು. ಅಪ್ಪ ಕೇಳಿಸಿಕೊಳ್ಳಲಿಲ್ಲ, ಉಳಿಯ ಮೂಲೆಯಿಂದ ಮೊಂಡು ಸ್ಕ್ರೂವನ್ನು ಎಬ್ಬಿಸುತ್ತಿದ್ದ. ಅದು ಕಿರುಗುಟ್ಟಿ ಹೊರಬಂತು. ಬಾಗಿಲಿನ ಮೇಲೆ ಉಳಿದ ತೂತುಗಳನ್ನು ಹೆಬ್ಬೆರಳಿನಿಂದ ಸವರಿ, ಚಿಲಕ ಹಿಡಿದುಕೊಂಡು ಎದ್ದು, ಅವಳ ಪಕ್ಕದಲ್ಲೇ ಹಾದು ಹಿತ್ತಲಿಗೆ ಹೋದ.

ಅವಳು ಹೋಗುವಷ್ಟರಲ್ಲಿ ಹಗ್ಗ ಬಿಚ್ಚಿ ಬಿಸಾಕಿ, ಗೂಡಿನ ಬಾಗಿಲ ಮೇಲೆ ಚಿಲಕ ಇಟ್ಟು, ಉಗುರಿನಿಂದ ಗುರುತು ಮಾಡಿಕೊಂಡಿದ್ದ. ಮೊದಲು ಸಣ್ಣ ತೂತು ಕೊರೆದು, ಆಮೇಲೆ ಸ್ಕ್ರೂ ಇಳಿಸಿದ. ಬೆಳಕು ಸಾಲದೆ ಅವಳು ಫೋನಿನ ದೀಪ ಹಿಡಿದಳು. ಬೆಳಕು ಚಿಲಕ ಬಿಟ್ಟು ಅವನ ಮುಖದ ಮೇಲೆ ಬೀಳುತ್ತಿತ್ತು. "ನೆಟ್ಟಗೆ ಹಿಡಿ" ಎಂದ. ಒಳಗೆ ಮರಿಗಳು ಕೋಲಿಗೆ ಹತ್ತುವುದು ತಿಳಿಯದೆ ಮೂಲೆಯ ಹೊಟ್ಟಿನಲ್ಲಿ ಒಂದರೊಳಗೊಂದು ತೂರಿಕೊಂಡು ಗೊಣಗುತ್ತಿದ್ದವು. ಅಪ್ಪ ಕೂರಿಸಿದ ಒಂದು ಮಾತ್ರ ಮೇಲೆ ಒಂಟಿಯಾಗಿ ಕೋಲು ಹಿಡಿದು ಕೂತಿತ್ತು. ಕೊನೆಯ ಸ್ಕ್ರೂ ಕೂತ ಮೇಲೆ ಅಪ್ಪ ಚಿಲಕವನ್ನು ದೂಡಿದ. ಒಂದೇ ಸಲಕ್ಕೆ ಹೋಯಿತು. ಎಳೆದ, ಒಂದೇ ಸಲಕ್ಕೆ ಬಂತು. ಮತ್ತೆ ದೂಡಿ ಬಿಟ್ಟ. ಬೆಕ್ಕು ಸ್ವಲ್ಪ ಹೊತ್ತು ನೋಡಿ, ಕಾಂಪೌಂಡು ಹಾರಿ ಹೋಯಿತು.

ಅಪ್ಪ ಮಣೆಯ ಮೇಲೆ ಕೂತು, ಸಾಮಾನುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕತೊಡಗಿದ. ಒರೆಸುತ್ತಲೇ, ಯಾವುದೋ ಮನೆಯ ಕೆಲಸದ ಮಾತಾಡುವವನಂತೆ ಹೇಳಿದ: "ನಾಳೆ ಬರ್ತಾ ಇನ್ನೊಂದು ತಾ. ನನ್ನ ಬಾಗಿಲಿಗೆ. ನಾನೇ ಕೂರಿಸ್ತೀನಿ, ನಿಂಗೆ ಬರಲ್ಲ."

"ಬೇಡಪ್ಪಾ..."

"ಬೇಕು" ಎಂದ ಅಪ್ಪ. "ಒಳಗಿಂದು ನಾನೇ ಹಾಕ್ಕೊಂಡಿರ್ತೀನಿ. ನೆನಪಿದ್ದಷ್ಟು ಹೊತ್ತು ಇರ್ತೀನಿ. ಮರೆತ್ರೆ ತೆಗೆದುಬಿಡ್ತೀನಲ್ಲ, ಅದಕ್ಕೆ ಹೊರಗಿಂದು." ಉಜ್ಜುಗೊರಡನ್ನು ಚೀಲಕ್ಕೆ ಹಾಕಲು ಹೋಗಿ, ಕೈಯಲ್ಲೇ ಹಿಡಿದು ಅದನ್ನೊಮ್ಮೆ ತಿರುಗಿಸಿ ನೋಡಿ, ಅವಳಿಗೆ ಕೊಟ್ಟ. "ಇದನ್ನೂ ನೀನೇ ಇಟ್ಕೋ. ಕೈಯಲ್ಲಿದ್ರೆ ಹೋಗೋ ಹಾಗಾಗುತ್ತೆ."

ಇನ್ನು ಯಾವ ಚಿಲಕವೂ ಬೇಡ, ನಾನು ಕೆಲಸ ಬಿಡುತ್ತೇನೆ, ನಿನ್ನ ಜೊತೆಯಲ್ಲೇ ಬೀದಿ ಬೀದಿ ಸುತ್ತಿ ಎಲ್ಲ ಬಾಗಿಲುಗಳನ್ನೂ ನೋಡಿಕೊಂಡು ಬರುತ್ತೇನೆ ಎಂದು ಹೇಳಬೇಕೆಂದು ಅವಳಿಗೆ ಅನ್ನಿಸಿತು. ಅಂಗಡಿಯ ಮೇಜು ಕಂಡಿತು. ಹಳದಿ ಗೇಟು ಕಂಡಿತು. ಅವನು ಕೊಟ್ಟ ಉಜ್ಜುಗೊರಡು ಅವಳ ಎದೆಗೆ ಒತ್ತುತ್ತಿತ್ತು, ಅದರ ಹಿಡಿ ಅವನ ಅಂಗೈಯ ಬೆವರಿಗೆ ಇನ್ನೂ ಬೆಚ್ಚಗಿತ್ತು. ಬಾಯಿಂದ ಬಂದದ್ದು ಬೇರೆಯೇ ಮಾತು.

"ಎಷ್ಟುದ್ದದ್ದು ಅಪ್ಪಾ?"

ಅಪ್ಪ ಹೆಬ್ಬೆರಳು, ತೋರುಬೆರಳು ಅಗಲಿಸಿ ತೋರಿಸಿದ. ಕತ್ತಲಲ್ಲಿ ಅವಳಿಗೆ ಸರಿಯಾಗಿ ಕಾಣಲಿಲ್ಲ. ಹತ್ತಿರ ಹೋಗಿ, ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ಅವನ ಎರಡು ಬೆರಳುಗಳ ನಡುವೆ ತನ್ನ ಬೆರಳುಗಳನ್ನಿಟ್ಟು ಅಳತೆ ತೆಗೆದುಕೊಂಡಳು.